ಅಮಲಿಗೆ ಬಿದ್ದವನು ಅಪರಾಧಿಯೋ, ರೋಗಿಯೋ?

(ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳಲ್ಲಿ ನಡೆದ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಗಳ ತರುವಾಯ ವಾಡಿಯಲ್ಲಿ ಮಾಡಿದ ಸಮಾರೋಪ ಭಾಷಣದ ಪಾಠ)



ಕಳೆದ ನಾಲ್ಕು ಊರುಗಳ ಸಭೆಗಳಲ್ಲಿ ನಾವು ಗುತ್ತಿಗೆ ಕೂಲಿಯ ಬಗ್ಗೆ ಮಾತಾಡಿದೆವು, ತೊಗರಿಯ ಧಾರಣೆಯ ಬಗ್ಗೆ ಮಾತಾಡಿದೆವು, ಪರಸಿ ಕಲ್ಲಿನ ಕ್ವಾರಿಗಳಲ್ಲಿ ದುಡಿಯುವವರ ಕಷ್ಟದ ಬಗ್ಗೆ ಮಾತಾಡಿದೆವು. ಆ ಮಾತುಗಳಿಗೆಲ್ಲ ಸಭಿಕರು ಎದ್ದು ನಿಂತು ಪ್ರಶ್ನೆ ಕೇಳಿದರು. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಎದ್ದು ನಿಂತು ಕೇಳಲಿಲ್ಲ. ಸಭೆ ಮುಗಿದು ಜಮಖಾನೆ ಸುತ್ತುವ ಹೊತ್ತಿಗೆ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು. ಶಹಾಬಾದದಲ್ಲಿ ಒಬ್ಬ ಮುದುಕ ಹಮಾಲರು ನಮ್ಮ ಕೈ ಹಿಡಿದು, "ಸಾಹೇಬ್ರ, ನಮ್ಮ ಹುಡುಗ ಗಾಂಜಾಕ್ಕ ಬಿದ್ದಾನ. ಪೊಲೀಸರಿಗಿ ಹೇಳ್ಲೋ, ಡಾಕ್ಟರಿಗಿ ಹೇಳ್ಲೋ ತಿಳೀವಲ್ದು" ಎಂದರು.

ಆ ಒಂದು ಮಾತಿನಲ್ಲಿ ಇಡೀ ವಿಷಯ ಅಡಗಿದೆ. ಮನೆಯಲ್ಲಿ ರೋಗ ಬಿದ್ದರೆ ದವಾಖಾನೆಗೆ ಓಡುತ್ತೇವೆ, ಕಳವಾದರೆ ಠಾಣೆಗೆ ಓಡುತ್ತೇವೆ. ಮಗ ಅಮಲಿಗೆ ಬಿದ್ದರೆ ಯಾವ ಬಾಗಿಲು ತಟ್ಟಬೇಕೆಂಬುದೇ ನಮ್ಮ ದುಡಿಯುವ ಜನಕ್ಕೆ ಗೊತ್ತಿಲ್ಲ. ಸರಕಾರ ಅದಕ್ಕೊಂದು ಉತ್ತರ ಕೊಟ್ಟಿದೆ. ಆ ಉತ್ತರ ಸರಿಯೋ ತಪ್ಪೋ ಎಂಬುದನ್ನು ಇವತ್ತು ತಮ್ಮ ಮುಂದಿಡಬೇಕೆಂದಿದ್ದೇವೆ.

ಮೊದಲು ಮಾತಿನ ಗೊಂದಲ ಬಿಡಿಸೋಣ. ಅಮಲು ಪದಾರ್ಥ ಸೇವಿಸಿದವನನ್ನು ಅಪರಾಧಿಯೆಂದು ಎಣಿಸಬಾರದು ಎಂದು ಯಾರಾದರೂ ಹೇಳಿದ ಕೂಡಲೇ, "ಏನು, ಗಾಂಜಾ ಅಂಗಡಿ ತೆರೆಯಬೇಕೇನು?" ಎಂದು ಕೆಲವರು ಹೌಹಾರುತ್ತಾರೆ. ಇವೆರಡೂ ಒಂದೇ ಅಲ್ಲ. ಮಾರುವವನು ಬೇರೆ, ಸೇದುವವನು ಬೇರೆ. ಲಾರಿಗಟ್ಟಲೆ ತರಿಸಿ ಹಂಚುವವನನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಅವನು ನಮ್ಮ ಮಕ್ಕಳ ಮೂಳೆಯ ಮೇಲೆ ಮಾಳಿಗೆ ಕಟ್ಟುವವನು. ನಮ್ಮ ಪ್ರಶ್ನೆ ಇರುವುದು ಚಿಲುಮೆ ಹಿಡಿದವನ ಬಗ್ಗೆ, ಕಿಸೆಯಲ್ಲಿ ಚಿಟಿಕೆಯಷ್ಟು ಸೊಪ್ಪು ಸಿಕ್ಕವನ ಬಗ್ಗೆ. ಅವನನ್ನು ಜೇಲಿಗೆ ಹಾಕುವುದರಿಂದ ಅವನಿಗೆ, ಅವನ ಮನೆಗೆ, ಊರಿಗೆ ಯಾವ ಲಾಭ?

ಈಗ ಕಾಯಿದೆ ಏನು ಹೇಳುತ್ತದೆ ನೋಡೋಣ. ೧೯೮೫ರಲ್ಲಿ ದಿಲ್ಲಿಯ ಪಾರ್ಲಿಮೆಂಟು ಮಾದಕ ದ್ರವ್ಯಗಳ ಕಾಯಿದೆಯನ್ನು ಮಾಡಿತು. ಅದರ ೨೭ನೆಯ ಕಲಮಿನ ಪ್ರಕಾರ ಸೇವನೆಯೇ ಅಪರಾಧ. ಹೆರಾಯಿನ್, ಕೊಕೇನ್‌ನಂಥವುಗಳಿಗೆ ಒಂದು ವರ್ಷದವರೆಗೆ ಸೆರೆ ಅಥವಾ ೨೦,೦೦೦ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಾಂಜಾದಂಥವುಗಳಿಗೆ ಆರು ತಿಂಗಳವರೆಗೆ ಸೆರೆ ಅಥವಾ ೧೦,೦೦೦ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇನ್ನು ಇಟ್ಟುಕೊಂಡಿದ್ದಕ್ಕೆ ಬೇರೆ ಲೆಕ್ಕ. ಗಾಂಜಾ ಒಂದು ಕಿಲೋದವರೆಗೆ ಇದ್ದರೆ ಅಲ್ಪ ಪ್ರಮಾಣ, ಇಪ್ಪತ್ತು ಕಿಲೋ ಮೀರಿದರೆ ವ್ಯಾಪಾರದ ಪ್ರಮಾಣ. ಅಲ್ಪ ಪ್ರಮಾಣಕ್ಕೆ ಮೊದಲು ಆರು ತಿಂಗಳ ಸೆರೆ ಇತ್ತು. ೨೦೧೪ರ ತಿದ್ದುಪಡಿಯಲ್ಲಿ ಅದನ್ನು ಒಂದು ವರ್ಷಕ್ಕೆ ಏರಿಸಿದರು.

ಹತ್ತು ಸಾವಿರ ದಂಡವೆಂದರೆ ಕೈಗಾಡಿ ವ್ಯಾಪಾರಿಗೆ ಏನು, ಗುತ್ತಿಗೆ ಕೂಲಿಕಾರನಿಗೆ ಏನು ಎಂಬುದನ್ನು ನಾವು ತಮಗೆ ವಿವರಿಸಬೇಕಾಗಿಲ್ಲ. ದಂಡದ ಜತೆಗೆ ಕೋರ್ಟಿನ ತಾರೀಖುಗಳು ಬರುತ್ತವೆ. ತಾರೀಖು ಬಿದ್ದ ದಿನ ಕೂಲಿ ಹೋಯಿತು. ಹೆಸರಿನ ಮೇಲೆ ಕೇಸು ಇದೆಯೆಂದು ತಿಳಿದರೆ ಗುತ್ತೇದಾರ ಮರುದಿನ ಒಳಗೆ ಬಿಡುವುದಿಲ್ಲ. ಕೆಲಸ ಹೋದ ಹುಡುಗ ಚಿಲುಮೆ ಬಿಡುತ್ತಾನೆಯೋ, ಇನ್ನೂ ಗಟ್ಟಿಯಾಗಿ ಹಿಡಿಯುತ್ತಾನೆಯೋ? ತಾವೇ ಹೇಳಿ.

ಆದರೆ ಅದೇ ಕಾಯಿದೆಯಲ್ಲಿ ೬೪ಎ ಎಂಬ ಇನ್ನೊಂದು ಕಲಮು ಇದೆ. ಇದನ್ನು ಯಾವ ಠಾಣೆಯ ಗೋಡೆಯ ಮೇಲೂ ನಾವು ಬರೆದದ್ದು ಕಂಡಿಲ್ಲ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು, ಸರಕಾರ ನಡೆಸುವ ಅಥವಾ ಸರಕಾರ ಮನ್ನಿಸಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆ ತಪ್ಪಬಹುದು. ಅಂದರೆ ಕಾಯಿದೆ ಮಾಡಿದವರಿಗೇ ಗೊತ್ತಿತ್ತು, ಇವನು ರೋಗಿಯೆಂದು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯೂ ಮದ್ಯ ಮತ್ತು ಮಾದಕಗಳ ದುರ್ಬಳಕೆಯಿಂದ ಬರುವ ಸ್ಥಿತಿಯನ್ನು ಕಾಯಿಲೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಒಂದು ಕಾಯಿದೆ ರೋಗಿ ಎನ್ನುತ್ತದೆ, ಇನ್ನೊಂದು ಕೈದಿ ಎನ್ನುತ್ತದೆ. ನಡುವೆ ನಮ್ಮ ಹುಡುಗ ನಿಂತಿದ್ದಾನೆ.

ಬೆಂಗಳೂರಿನ ಸರಕಾರದ ನಿಲುವೇನು? ಪಕ್ಷಗಳು ಬದಲಾದವು, ಮುಖ್ಯಮಂತ್ರಿಗಳು ಬದಲಾದರು, ಈ ನಿಲುವು ಮಾತ್ರ ಬದಲಾಗಲಿಲ್ಲ. ೨೦೨೩ರಲ್ಲಿ ಬಂದ ಸರಕಾರವೂ "ಮಾದಕಮುಕ್ತ ಕರ್ನಾಟಕ" ಎಂದು ಘೋಷಿಸಿತು. ಕಠಿಣ ಕ್ರಮ, ಹೆಚ್ಚು ದಾಳಿ, ಹೆಚ್ಚು ಮೊಕದ್ದಮೆ, ಇದೇ ಪಲ್ಲವಿ. ಸೇವಿಸುವವನ ಸೆರೆಯನ್ನು ತೆಗೆಯೋಣವೇ ಎಂದು ಕೇಳಿದರೆ, "ಅದು ಕೇಂದ್ರದ ಕಾಯಿದೆ, ನಮ್ಮ ಕೈಯಲ್ಲಿಲ್ಲ" ಎನ್ನಬಹುದು.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ೨೭ನೆಯ ಕಲಮನ್ನು ವಿಧಾನಸೌಧದಲ್ಲಿ ಕುಳಿತು ಅಳಿಸಲಾಗುವುದಿಲ್ಲ, ಒಪ್ಪಿದೆವು. ಆದರೆ ಉಳಿದ ಅರ್ಧವನ್ನೂ ಹೇಳಬೇಕು. ಸಂವಿಧಾನದಲ್ಲಿ ಮಾದಕ ದ್ರವ್ಯ ಮತ್ತು ವಿಷಗಳು ಕೇಂದ್ರ ಹಾಗೂ ರಾಜ್ಯ ಎರಡಕ್ಕೂ ಸೇರಿದ ಪಟ್ಟಿಯಲ್ಲಿವೆ. ಪೊಲೀಸು ರಾಜ್ಯದ್ದು. ಆಸ್ಪತ್ರೆ ರಾಜ್ಯದ್ದು. ಮದ್ಯ ರಾಜ್ಯದ್ದು. ಸಿಕ್ಕಿಂನಂಥ ಪುಟ್ಟ ರಾಜ್ಯ ೨೦೦೬ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. ೧೯೮೫ರ ಕಾಯಿದೆಯ ೭೧ನೆಯ ಕಲಮು, ವ್ಯಸನಿಗಳ ಚಿಕಿತ್ಸೆಗೆ ಎಷ್ಟು ಬೇಕೋ ಅಷ್ಟು ಕೇಂದ್ರಗಳನ್ನು ತೆರೆಯಿರೆಂದು ಸರಕಾರಕ್ಕೆ ಅಧಿಕಾರ ಕೊಟ್ಟಿದೆ. ೨೦೨೧ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆಯೇ, ಸ್ವಂತ ಸೇವನೆಗೆ ಅಲ್ಪ ಪ್ರಮಾಣ ಇಟ್ಟುಕೊಂಡವರನ್ನು ಸೆರೆಗೆ ಹಾಕದೆ ಚಿಕಿತ್ಸೆಗೆ ಕಳಿಸಬೇಕೆಂದು ಸಲಹೆ ಮಾಡಿದ್ದನ್ನು ಪತ್ರಿಕೆಗಳು ಪ್ರಕಟಿಸಿದ್ದವು. ಆ ಸಲಹೆಗೆ ನಮ್ಮ ರಾಜ್ಯವೂ ದನಿಗೂಡಿಸಿ ಒಂದು ಠರಾವು ಕಳಿಸಬಹುದಿತ್ತು. ಕೈ ಕಟ್ಟಿದೆ ಎನ್ನುವವರು ಕಟ್ಟದಿರುವ ಕೈಯಿಂದ ಏನು ಮಾಡಿದರು?

ಆ ಕೈಯಿಂದ ಹೆಂಡದ ಲೆಕ್ಕ ಬರೆದರು! ೨೦೨೫-೨೬ರ ಮುಂಗಡಪತ್ರದಲ್ಲಿ ಅಬಕಾರಿಯಿಂದ ೪೦,೦೦೦ ಕೋಟಿ ರೂಪಾಯಿ ಎತ್ತಬೇಕೆಂದು ಗುರಿ ಇಟ್ಟರು. ಅದರ ಹಿಂದಿನ ವರ್ಷದ ಗುರಿ ೩೮,೫೨೫ ಕೋಟಿ. ಸಂವಿಧಾನದ ೪೭ನೆಯ ವಿಧಿ ಅಮಲಿನ ಪಾನೀಯ ಮತ್ತು ಮಾದಕ ಪದಾರ್ಥ ಎರಡನ್ನೂ ಒಂದೇ ವಾಕ್ಯದಲ್ಲಿ ಹೆಸರಿಸಿ, ಔಷಧಕ್ಕಲ್ಲದೆ ಅವುಗಳ ಸೇವನೆಯನ್ನು ತಡೆಯಲು ಸರಕಾರ ಯತ್ನಿಸಬೇಕೆಂದು ಹೇಳಿದೆ. ಒಂದಕ್ಕೆ ಜೇಲು, ಇನ್ನೊಂದಕ್ಕೆ ಗುರಿ. ಬಾಟಲಿ ಹಿಡಿದು ಮಲಗಿದವನು ಬೊಕ್ಕಸದ ಗಿರಾಕಿ, ಚಿಲುಮೆ ಹಿಡಿದು ಮಲಗಿದವನು ಬೊಕ್ಕಸಕ್ಕೆ ಏನೂ ಕೊಡದ ಕಳ್ಳ. ಮಡದಿಯ ಕೊರಳ ತಾಳಿಗೆ ಮಾತ್ರ ಇಬ್ಬರಿಂದಲೂ ಒಂದೇ ಗತಿ. ೨೦೦೭ರ ಜುಲೈ ೧ರಿಂದ ಸಾರಾಯಿ ನಿಷೇಧವಾಯಿತು. ಕುಡಿತ ನಿಂತಿತೇ? ಬಡವ ಸಾರಾಯಿ ಪಾಕೀಟು ಬಿಟ್ಟು ಹೆಚ್ಚು ದುಡ್ಡಿನ ಅಗ್ಗದ ವಿಸ್ಕಿಗೆ ಹೋದ. ಮರುವರ್ಷವೇ, ೨೦೦೮ರ ಮೇ ತಿಂಗಳಲ್ಲಿ, ಬೆಂಗಳೂರು ಮತ್ತು ಕೋಲಾರದ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು.

ಇತಿಹಾಸದಿಂದ ಒಂದು ಮಾತು. ೧೯೩೯ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರು ಈಚಲ ಮರ ಕಡಿದು ಸತ್ಯಾಗ್ರಹ ಮಾಡಿದರು. ಅವರು ಕೊಡಲಿ ಎತ್ತಿದ್ದು ಯಾರ ಮೇಲೆ? ಕುಡುಕನ ಮೇಲಲ್ಲ, ಸರಕಾರದ ಅಬಕಾರಿ ವರಮಾನದ ಬೇರಿನ ಮೇಲೆ. ಇಂದಿನ ಸರಕಾರ ಬೇರಿಗೆ ನೀರೆರೆಯುತ್ತದೆ, ಕೆಳಗೆ ಬಿದ್ದ ಎಲೆಯನ್ನು ಹಿಡಿದು ಠಾಣೆಗೆ ಒಯ್ಯುತ್ತದೆ.

ಇನ್ನು ನಮ್ಮ ಗಡಿಯ ಕಥೆಗೆ ಬನ್ನಿ. ಸೇಡಂ, ಚಿಂಚೋಳಿಗಳ ಜನಕ್ಕೆ ಇದು ಅಂಗೈ ಹುಣ್ಣು. ನಮ್ಮ ಜಿಲ್ಲೆಯಲ್ಲಿ ಸೇಂದಿ ಮಾರಾಟಕ್ಕೆ ಪರವಾನಗಿ ಇಲ್ಲ. ಗಡಿ ದಾಟಿ ತಾಂಡೂರಿನ ಕಡೆ ಹೋದರೆ ಅಲ್ಲಿ ಕಲ್ಲಂಗಡಿಗೆ ಪರವಾನಗಿ ಇದೆ. ಮರ ಎರಡೂ ಕಡೆ ಒಂದೇ, ಬಾಯಾರಿಕೆ ಎರಡೂ ಕಡೆ ಒಂದೇ, ಕಾಯಿದೆ ಮಾತ್ರ ಬೇರೆ. ಎರಡೂ ಕಡೆ ಒಂದಾಗಿರುವುದು ಇನ್ನೊಂದಿದೆ, ಅದು ಪುಡಿ. ಸಿ.ಎಚ್. ಪುಡಿ, ಅಂದರೆ ಕ್ಲೋರಲ್ ಹೈಡ್ರೇಟ್. ಜತೆಗೆ ನಿದ್ದೆಗುಳಿಗೆಯ ಜಾತಿಯ ಅಲ್ಪ್ರಾಜೊಲಾಮ್, ಡಯಾಜೆಪಾಮ್. ಮರದ ರಸ ಸಾಲದಾದಾಗ ನೀರಿಗೆ ಇದನ್ನು ಬೆರೆಸಿ ಸೇಂದಿಯೆಂದು ಮಾರುತ್ತಾರೆ. ಕುಡಿಯುವ ಮುದುಕಿಗೆ ತಾನು ಮಾದಕ ದ್ರವ್ಯದ ವ್ಯಸನಿ ಎಂದು ಗೊತ್ತೇ ಇಲ್ಲ. ಅವಳು ಕುಡಿದದ್ದು ಅವಳ ತಾಯಿ ಕುಡಿಯುತ್ತಿದ್ದ ಸೇಂದಿ ಎಂದೇ ಅವಳ ನಂಬಿಕೆ.

೨೦೧೫ರ ಸಪ್ಟೆಂಬರದಲ್ಲಿ ತೆಲಂಗಾಣ ಸರಕಾರ ಈ ಕಲಬೆರಕೆಯ ಮೇಲೆ ಏಕಾಏಕಿ ದಾಳಿ ಮಾಡಿತು. ಒಳ್ಳೆಯದೇ ಅಲ್ಲವೇ? ಆದರೆ ಆದದ್ದೇನು? ನಿಜಾಮಾಬಾದ, ಮಹಬೂಬನಗರ ಜಿಲ್ಲೆಗಳಲ್ಲಿ ಪುಡಿ ಸಿಗದೆ ನೂರಾರು ಜನರಿಗೆ ಫಿಟ್ಸು ಬಂದವು, ಭ್ರಮೆ ಹಿಡಿಯಿತು, ಜನ ಹುಚ್ಚೆದ್ದವರಂತೆ ಬೀದಿಗೆ ಬಂದರು. ದವಾಖಾನೆಗಳು ತುಂಬಿದವು, ಕೆಲವರು ಸತ್ತೂ ಹೋದರು. ಇಂಥ ಪುಡಿಗೆ ಹೊಂದಿಕೊಂಡ ಮೈಗೆ ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ವೈದ್ಯರು ಅಳೆದು ಅಳೆದು ಇಳಿಸಬೇಕು. ದಾಳಿ ಮಾಡುವ ಮುಂಚೆ ಹಾಸಿಗೆ ಸಿದ್ಧ ಮಾಡಿರಬೇಕಿತ್ತು, ಮಾಡಿರಲಿಲ್ಲ. ದಾಳಿಯಿಂದ ಪುಡಿಯೂ ಸಾಯಲಿಲ್ಲ. ೨೦೨೫ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಕಲ್ಲು ಕುಡಿದು ಮತ್ತೆ ಜನ ಸತ್ತರು. ಲಾಠಿಗೆ ರೋಗ ಹೆದರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ಅಂಗಡಿಕಾರ ಮಿತ್ರರಿಗೂ ಒಂದು ಮಾತು. ೨೦೧೩ರ ಮೇ ಕೊನೆಗೆ ಗುಟಕಾ ನಿಷೇಧವಾಯಿತು. ಮರುದಿನದಿಂದ ಏನಾಯಿತೆಂದು ತಮಗಿಂತ ಚೆನ್ನಾಗಿ ಬಲ್ಲವರಾರು? ಒಂದು ಚೀಟು ಹೋಗಿ ಎರಡು ಚೀಟು ಬಂದವು, ಪಾನ್ ಮಸಾಲೆ ಒಂದು, ತಂಬಾಕು ಇನ್ನೊಂದು. ಕಾರಖಾನೆಯ ಧಣಿ ಕೆಡಲಿಲ್ಲ, ಗಿರಾಕಿಯ ದವಡೆ ಉಳಿಯಲಿಲ್ಲ. ಪಾನ್ ಅಂಗಡಿಯವನಿಗೆ ಮಾತ್ರ ಯಾವಾಗ ಯಾರು ಬಂದು ಡಬ್ಬಿ ತಡಕಾಡುತ್ತಾರೋ ಎಂಬ ಭಯ ಉಳಿಯಿತು. ಭಯವಿದ್ದಲ್ಲಿ ಮಾಮೂಲು ಹುಟ್ಟುತ್ತದೆ. ಭಂಗಿಯ ವಿಷಯವೂ ಹಾಗೆಯೇ. ೨೦೨೨ರಲ್ಲಿ ನಮ್ಮ ಹೈಕೋರ್ಟು ಒಂದು ಜಾಮೀನಿನ ಆದೇಶದಲ್ಲಿ, ಭಂಗಿ ಆ ೧೯೮೫ರ ಕಾಯಿದೆಯ ಗಾಂಜಾದ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದಿತು. ಇದನ್ನು ಕೇಳಿ ಯಾರೂ ಅಂಗಡಿಯಲ್ಲಿ ಭಂಗಿ ಇಡಬೇಡಿ, ಅದು ಪರವಾನಗಿಯಲ್ಲ. ಎಲೆ ಯಾವುದು, ತೆನೆ ಯಾವುದು ಎಂಬುದು ಕೋರ್ಟಿಗೆ ಹೋದ ಮೇಲೆ ನಿರ್ಣಯವಾಗುವುದಾದರೆ, ಅಲ್ಲಿಯವರೆಗೆ ಒಳಗೆ ಕೂರುವವನು ಯಾರು ಎಂಬುದನ್ನಷ್ಟೇ ಯೋಚಿಸಿರಿ.

ಒಳಗೆ ಕೂರುವವರು ಯಾರು? ೨೦೨೦ರ ಸಪ್ಟೆಂಬರದಲ್ಲಿ ಬೆಂಗಳೂರಿನ ಪೊಲೀಸರು ನಮ್ಮ ಪಕ್ಕದ ಕಾಳಗಿ ತಾಲೂಕಿಗೆ ಬಂದು, ಕುರಿದೊಡ್ಡಿಯ ನೆಲ ಅಗೆದು, ಒಂದು ಸಾವಿರದ ಮುನ್ನೂರು ಕಿಲೋಕ್ಕೂ ಹೆಚ್ಚು ಗಾಂಜಾ ತೆಗೆದರು. ಅದು ಒಳ್ಳೆಯ ಕೆಲಸ, ಶಭಾಸ್ ಎನ್ನೋಣ. ಪೊಲೀಸರ ಜಾಣತನ ಬೇಕಾದದ್ದು ಅಲ್ಲಿ. ಆದರೆ ಅಷ್ಟು ಮಾಲು ನಮ್ಮ ನೆಲದಡಿಗೆ ಬಂದು ಸೇರುವವರೆಗೆ ಇಲ್ಲಿನ ಠಾಣೆಗಳ ಕಣ್ಣು ಎಲ್ಲಿತ್ತು? ಬಸ್‌ನಿಲ್ದಾಣದ ಹಿಂದೆ ಬೀಡಿಯಲ್ಲಿ ತುಂಬಿ ಸೇದುವ ಹುಡುಗನ ಕಿಸೆಯಲ್ಲಿತ್ತೇ? ಒಬ್ಬ ಹುಡುಗನನ್ನು ಹಿಡಿದರೂ ಒಂದು ಕೇಸು, ಒಂದು ಲಾರಿ ಹಿಡಿದರೂ ಒಂದು ಕೇಸು. ಕೇಸುಗಳ ಸಂಖ್ಯೆ ಎಣಿಸುವ ಸರಕಾರಕ್ಕೆ ಹುಡುಗನೇ ಸುಲಭದ ಬೇಟೆ.

ಹೊರದೇಶಗಳಲ್ಲಿ ಏನು ಮಾಡಿದ್ದಾರೆ? ಪೋರ್ಚುಗಲ್ ದೇಶ ೨೦೦೧ರಲ್ಲಿ, ಸುಮಾರು ಹತ್ತು ದಿನದ ಸ್ವಂತ ಬಳಕೆಯಷ್ಟು ಇಟ್ಟುಕೊಂಡವನನ್ನು ಅಪರಾಧಿಯೆನ್ನುವುದನ್ನು ಬಿಟ್ಟಿತು. ಅವನು ಕೋರ್ಟಿನ ಬದಲು ಒಂದು ಸಮಿತಿಯ ಮುಂದೆ ಹೋಗುತ್ತಾನೆ. ಅಲ್ಲಿ ಕಾನೂನು, ಆರೋಗ್ಯ, ಸಮಾಜಸೇವೆ ಬಲ್ಲವರು ಕುಳಿತಿರುತ್ತಾರೆ. ಮಾರುವವನಿಗೆ ಜೇಲು ತಪ್ಪಿಲ್ಲ. ಜತೆಜತೆಗೆ ಚಿಕಿತ್ಸೆಗೆ ಹಣ ಹಾಕಿದರು. ದೇಶ ಮುಳುಗಲಿಲ್ಲ, ಅಮಲಿನಿಂದ ಸಾಯುವವರೂ ಸೂಜಿಯಿಂದ ಏಡ್ಸ್ ರೋಗ ತಗಲಿಸಿಕೊಳ್ಳುವವರೂ ಕಡಿಮೆಯಾದರು. ಅಮೇರಿಕೆಯ ಆರಿಗನ್ ರಾಜ್ಯವೂ ೨೦೨೦ರಲ್ಲಿ ಜನಮತ ಪಡೆದು ಇಂಥದೇ ಕಾಯಿದೆ ಮಾಡಿತು. ಆದರೆ ಸೆರೆ ತೆಗೆದದ್ದು ಬೇಗ, ಚಿಕಿತ್ಸೆಯ ಹಣ ತಲುಪಿದ್ದು ತಡ. ಬೀದಿಯಲ್ಲಿ ಬಹಿರಂಗ ಸೇವನೆ ಕಂಡು ಜನ ರೋಸಿದರು. ೨೦೨೪ರಲ್ಲಿ ಮತ್ತೆ ಅದನ್ನು ಅಪರಾಧವೆಂದು ಮಾಡಿದರು. ಎರಡೂ ಸೇರಿ ಕಲಿಸುವ ಪಾಠ ಒಂದೇ. ಜೇಲಿನ ಬಾಗಿಲು ಮುಚ್ಚಿದರೆ ಸಾಲದು, ದವಾಖಾನೆಯ ಬಾಗಿಲು ಅದಕ್ಕಿಂತ ಮೊದಲೇ ತೆರೆದಿರಬೇಕು.

ಚಿಂಚೋಳಿಯಲ್ಲಿ ಒಬ್ಬ ತಾಯಿ ನಮ್ಮನ್ನು ತಡೆದು ಕೇಳಿದ ಪ್ರಶ್ನೆಯನ್ನು ಮರೆಮಾಚಿದರೆ ನಾವು ಅಪ್ರಾಮಾಣಿಕರಾಗುತ್ತೇವೆ. "ಅವನಿಗಿ ಜೇಲು ಬ್ಯಾಡ ಅಂತೀರಿ. ರಾತ್ರಿ ಮನ್ಯಾಗ ಹೊಡೀತಾನಲ್ರೀ, ಆವಾಗ ನೀವು ಬರ್ತೀರೇನು? ಎರಡು ದಿನ ಪೊಲೀಸರು ಒಯ್ದರ ನಾವು ಎರಡು ದಿನ ಮಲಗ್ತೀವಿ" ಎಂದಳು. ಆ ಮಾತಿಗೆ ನಮ್ಮಲ್ಲಿ ತಟ್ಟನೆ ಉತ್ತರ ಇರಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದೆವು. ಇವತ್ತು ಹೇಳುತ್ತೇವೆ: ತಾಯೀ, ನೀನು ಹೇಳಿದ್ದು ನಿಜ. ಹೊಡೆಯುವ ಕೈಗೆ ಕ್ಷಮೆ ಇಲ್ಲ. ಹೊಡೆದದ್ದಕ್ಕೆ ೨೦೦೫ರ ಕೌಟುಂಬಿಕ ಹಿಂಸೆಯ ಕಾಯಿದೆ ಇದೆ, ಅಮಲಿನಲ್ಲಿ ಹೊಡೆದರೂ ಇದೆ, ಅಮಲಿಲ್ಲದೆ ಹೊಡೆದರೂ ಇದೆ. ಕದ್ದರೆ ಕಳ್ಳತನದ ಕಲಮು ಇದೆ. ಅಮಲಿನಲ್ಲಿ ಲಾರಿ ಓಡಿಸಿದರೆ ಅದಕ್ಕೂ ಕಲಮು ಇದೆ. ಆ ಯಾವುದನ್ನೂ ತೆಗೆಯಿರೆಂದು ನಾವು ಹೇಳುವುದಿಲ್ಲ. ಆದರೆ ಎರಡು ದಿನದ ನಿದ್ದೆ ಕೊಟ್ಟ ಪೊಲೀಸರು ಮೂರನೆಯ ದಿನ ಅವನನ್ನು ಮೊದಲಿಗಿಂತ ಕೆಟ್ಟವನಾಗಿ ಮನೆಗೆ ಕಳಿಸುತ್ತಾರೆ, ದಂಡದ ದುಡ್ಡು ನಿನ್ನ ಕೂಲಿಯಿಂದಲೇ ಹೋಗುತ್ತದೆ. ನಿನಗೆ ಬೇಕಾದದ್ದು ಎರಡು ದಿನದ ನಿದ್ದೆಯಲ್ಲ, ಬಾಳಿನ ನಿದ್ದೆ. ಅದನ್ನು ಸರಕಾರದಿಂದ ಕೇಳುವ ಹಕ್ಕು ನಿನಗಿದೆ.

ಹುಡುಗರು ಯಾಕೆ ಬೀಳುತ್ತಾರೆ ಎಂಬುದನ್ನೂ ಯೋಚಿಸಬೇಕು. ಎಲ್ಲ ತಪ್ಪನ್ನೂ ಬಂಡವಾಳದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವವರು ನಾವಲ್ಲ. ಧಣಿಗಳ ಮಕ್ಕಳೂ ಬೀಳುತ್ತಾರೆ. ಆದರೆ ಅವರಿಗೆ ವಕೀಲರಿದ್ದಾರೆ, ಖಾಸಗಿ ಆಸ್ಪತ್ರೆಗಳಿವೆ, ಗುಟ್ಟು ಕಾಯುವ ಗೋಡೆಗಳಿವೆ. ಸಿಮೆಂಟಿನ ಧೂಳಿನಲ್ಲಿ ಎರಡೆರಡು ಪಾಳಿ ದುಡಿದವನಿಗೆ, ಕ್ವಾರಿಯಲ್ಲಿ ಬಿಸಿಲ ಬಂಡೆಯ ಮೇಲೆ ದಿನ ಕಳೆದವನಿಗೆ, ತಾಂಡಾ ಬಿಟ್ಟು ಮುಂಬಯಿ ಪುಣೆಗಳಲ್ಲಿ ತಗಡಿನ ಕೆಳಗೆ ಮಲಗುವವನಿಗೆ ಮೈನೋವು ಮರೆಸುವ ಅಗ್ಗದ ಸಂಗಾತಿ ಇದೊಂದೇ ಎಂದು ಕಾಣುತ್ತದೆ. ಜಾತ್ರೆಯಲ್ಲಿ ಸಾಧುವಿನ ಚಿಲುಮೆ ಕಂಡ ಕಣ್ಣಿಗೆ ಅದು ಪಾಪವೆಂದೂ ಅನಿಸುವುದಿಲ್ಲ. ೨೦೧೯ರಲ್ಲಿ ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ಸಂಸ್ಥೆ ನಡೆಸಿದ ಸಮೀಕ್ಷೆಯ ಪ್ರಕಾರ, ಮಾದಕಕ್ಕೆ ದಾಸರಾದ ೨೦ ಜನರಲ್ಲಿ ಒಬ್ಬರಿಗೆ, ಮದ್ಯಕ್ಕೆ ದಾಸರಾದ ೩೮ ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ ಹತ್ತೊಂಬತ್ತು ಮತ್ತು ಮೂವತ್ತೇಳು ಜನ ಯಾರ ಮಕ್ಕಳು? ನಮ್ಮವರೇ.

ಹಾಗಾದರೆ ನಾವು ಕೇಳುವುದೇನು? ನಾಲ್ಕೇ ಮಾತು.

ಒಂದು, ಕಲಬುರಗಿ, ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದಗಳ ಸರಕಾರಿ ದವಾಖಾನೆಗಳಲ್ಲಿ ವ್ಯಸನ ಬಿಡಿಸುವ ಹಾಸಿಗೆ, ತಿಳಿದ ವೈದ್ಯ, ಔಷಧ ಇರಬೇಕು. ಸೇಡಂ ರಸ್ತೆಯ ಮೇಲೆಯೇ ಇರುವ ಕಲಬುರಗಿಯ ಇ.ಎಸ್.ಐ. ಆಸ್ಪತ್ರೆಗೆ ನಾವು ನೂರಕ್ಕೆ ಮುಕ್ಕಾಲು ರೂಪಾಯಿಯಂತೆ ಸಂಬಳದಿಂದ ಕೊಡುತ್ತೇವೆ, ಧಣಿ ಮೂರೂಕಾಲು ಕೊಡುತ್ತಾನೆ. ಅಲ್ಲಿ ಇದು ದಾನವಲ್ಲ, ನಮ್ಮ ಹಕ್ಕು. ೩೭೧ಜೆ ವಿಧಿಯ ಹೆಸರಿನಲ್ಲಿ ಬಂದ ಕಲ್ಯಾಣ ಕರ್ನಾಟಕದ ಮಂಡಳಿಗೆ ರಸ್ತೆ, ಕಮಾನುಗಳಷ್ಟೇ ಅಭಿವೃದ್ಧಿಯೆಂದು ಅನಿಸಬಾರದು. ೨೦೨೩ರಲ್ಲಿ ಚಿತ್ತಾಪುರ, ಸೇಡಂ ಎರಡೂ ಕ್ಷೇತ್ರಗಳ ಶಾಸಕರು ಮಂತ್ರಿಗಳಾದರು, ಸೇಡಂನವರಿಗೆ ವೈದ್ಯಕೀಯ ಶಿಕ್ಷಣದ ಖಾತೆಯೇ ಬಂತು. ಕೇಳುವ ಬಾಗಿಲು ದೂರವಿಲ್ಲ.

ಎರಡು, ೬೪ಎ ಕಲಮನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ಪ್ರತಿ ಠಾಣೆಯ ಮುಂದೆ ಬರೆಸಬೇಕು. ಅಲ್ಪ ಪ್ರಮಾಣದಲ್ಲಿ ಸಿಕ್ಕವನಿಗೆ ಮೊದಲ ದಿನವೇ ಅದನ್ನು ಓದಿ ಹೇಳಬೇಕು. ಠಾಣೆಯ ಕೆಲಸವನ್ನು ಅಳೆಯುವುದು ಸೇದುವವರ ತಲೆ ಎಣಿಸಿ ಅಲ್ಲ, ಸಾಗಿಸುವವರ ಜಾಲ ಹರಿದದ್ದನ್ನು ನೋಡಿ.

ಮೂರು, ಸ್ವಂತ ಸೇವನೆಗೆ ಸೆರೆ ತೆಗೆದು ಚಿಕಿತ್ಸೆ ಇಡಬೇಕೆಂದು ವಿಧಾನಮಂಡಲ ಠರಾವು ಮಾಡಿ ದಿಲ್ಲಿಗೆ ಕಳಿಸಬೇಕು. ಸೇಂದಿಯ ಪುಡಿಯ ಬಗ್ಗೆ ಎರಡೂ ರಾಜ್ಯಗಳು ಕೂಡಿ, ದವಾಖಾನೆ ಸಿದ್ಧ ಮಾಡಿಕೊಂಡು, ಪುಡಿ ತಯಾರಿಸುವಲ್ಲಿಯೇ ಕೈ ಹಾಕಬೇಕು.

ನಾಲ್ಕು, ಅಬಕಾರಿಯ ಸಾವಿರಾರು ಕೋಟಿಯಲ್ಲಿ ಒಂದು ಪಾಲನ್ನು ಅಮಲು ಬಿಡಿಸುವ ಕೆಲಸಕ್ಕೆ ಮೀಸಲಿಡಬೇಕು. ಕುಡಿಸಿ ಗಳಿಸಿದ್ದರಲ್ಲಿ ಬಿಡಿಸಲು ಅಷ್ಟಾದರೂ ಕೊಡಲಿ.

ಸರಕಾರ ಮಾಡುವವರೆಗೆ ನಾವು ಸುಮ್ಮನೆ ಕೂರಬೇಕೇ? ಬೇಡ. ೧೪೪೪೬ ಎಂಬ ಸಂಖ್ಯೆಗೆ ಫೋನು ಮಾಡಿದರೆ ವ್ಯಸನದ ಬಗ್ಗೆ ಸಲಹೆ ಸಿಗುತ್ತದೆ, ೧೪೪೧೬ಕ್ಕೆ ಮಾಡಿದರೆ ಮನಸ್ಸಿನ ಕಾಯಿಲೆಯ ಬಗ್ಗೆ ಸಲಹೆ ಸಿಗುತ್ತದೆ. ಎರಡಕ್ಕೂ ದುಡ್ಡಿಲ್ಲ. ಪ್ರತಿ ಯೂನಿಯನ್ನು ಕಚೇರಿಯ ಗೋಡೆಯ ಮೇಲೆ, ಪ್ರತಿ ಕಿರಾಣಿ ಅಂಗಡಿಯ ತಕ್ಕಡಿಯ ಪಕ್ಕ ಈ ಎರಡು ಸಂಖ್ಯೆ ಬರೆದಿಡಿ. ಚಿಕಿತ್ಸೆಗೆ ಹೋದ ಕೆಲಸಗಾರನನ್ನು ಗುತ್ತೇದಾರ ತೆಗೆದುಹಾಕಿದರೆ ಅದು ಅವನೊಬ್ಬನ ಜಗಳವಲ್ಲ, ಯೂನಿಯನ್ನಿನ ಜಗಳ ಎಂದು ಇವತ್ತೇ ನಿಶ್ಚಯ ಮಾಡೋಣ. ಓಣಿಯಲ್ಲಿ ಒಬ್ಬ ಹುಡುಗ ಬಿದ್ದನೆಂದು ತಿಳಿದರೆ ಅವನ ತಾಯಿಯನ್ನು ನಲ್ಲಿಯ ಕಟ್ಟೆಯ ಮೇಲೆ ಹಂಗಿಸುವುದನ್ನು ಬಿಡೋಣ.

ಶಹಾಬಾದದ ಆ ಹಮಾಲರಿಗೆ ಅವತ್ತು ನಾವು, "ಡಾಕ್ಟರಿಗೆ ಹೇಳ್ರಿ" ಎಂದೆವು. ಅವರು, "ಯಾವ ಡಾಕ್ಟರಿಗ್ರಿ? ಎಲ್ಲಿದ್ದಾರ?" ಎಂದು ಕೇಳಿದರು. ಮಿತ್ರರೇ, ಆ ಪ್ರಶ್ನೆಯನ್ನು ಅವರು ಇನ್ನು ಒಬ್ಬರೇ, ದನಿ ತಗ್ಗಿಸಿ ಕೇಳಬಾರದು. ಐದೂ ಊರುಗಳವರು ಕೂಡಿ, ತಹಸೀಲು ಕಚೇರಿಯ ಮುಂದೆ ನಿಂತು, ದನಿ ಎತ್ತಿ ಕೇಳೋಣ.